ಮನೆ ಆರೈಕೆ ಸೇವೆ: ಪಗಾರದ ದಿನಕ್ಕೆ ದುಡ್ಡು ಹೊಂದಿಸುವುದು ಹೇಗೆ?

ಕಲಬುರಗಿಯಲ್ಲಿ ಹೋಂ ನರ್ಸ್, ಅಟೆಂಡರ್‌ಗಳನ್ನು ಕಳಿಸುವ ಸಣ್ಣ ಸೇವೆಗಳ ಲೆಕ್ಕ ನೋಡುತ್ತೇನೆ. ಕೈತುಂಬ ಕೆಲಸ ಇದ್ದೂ ಬಾಗಿಲು ಹಾಕಿದವರನ್ನು ಕಂಡಿದ್ದೇನೆ. ಲಕ್ವ ಹೊಡೆದ ತಂದೆಗೆ ಜನ ಬೇಕೆಂದು ಮಗ ಹೈದರಾಬಾದಿನಿಂದ ಫೋನ್ ಮಾಡುತ್ತಾನೆ. ಬಿಲ್ ಕಟ್ಟುವುದು ಮುಂದಿನ ತಿಂಗಳು. ಅಷ್ಟರೊಳಗೆ ರಾತ್ರಿ ಪಾಳಿ ಮಾಡಿದ ಹುಡುಗಿಗೆ ಪಗಾರ ಕೊಡಲೇಬೇಕು, ಅಲ್ವಾ?

ಮೊದಲು ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿ, ಸೇವೆಯ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಿರಿ. ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಪುಕ್ಕಟೆ. ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಆಮೇಲೆ ಎಷ್ಟು ಬೇಕೆಂಬ ಲೆಕ್ಕ. ಜನ ಎಡವುವುದು ಇಲ್ಲೇ. ಸುಮ್ನೆ ಅಂದಾಜಿಗೆ ಹೋಗಬೇಡಿ. ಆರು ತಿಂಗಳ ಬಿಲ್‌ಗಳನ್ನು ಮುಂದಿಟ್ಟುಕೊಳ್ಳಿ. ತಿಂಗಳ ಕೆಲಸ ಮುಗಿದ ಮೇಲೆ, ಆ ದುಡ್ಡು ಖಾತೆಗೆ ಬರುವಷ್ಟರಲ್ಲಿ ಎಷ್ಟು ಪಗಾರದ ದಿನ ದಾಟಿದವು, ಎಣಿಸಿ. ಮನೆಗೊಬ್ಬರಂತೆ 12 ಮನೆಗೆ 12 ಜನ, ತಲಾ 15,000 ರೂಪಾಯಿ ಪಗಾರ ಅಂದುಕೊಳ್ಳಿ. ತಿಂಗಳಿಗೆ 1,80,000. ಅರ್ಧ ಮನೆಗಳು ಎರಡನೇ ಪಗಾರ ದಾಟಿದ ಮೇಲೆ ಕೊಡುತ್ತವೆ ಎಂದರೆ ಇನ್ನೂ 90,000 ಸಿಕ್ಕಿಕೊಳ್ಳುತ್ತದೆ. ಅಂದರೆ 2,70,000 ನಿಮ್ಮ ಕೈಯಿಂದ ಹೋಗಿರುತ್ತದೆ. ಗ್ಲೌಸ್, ಡೈಪರ್, ಬಸ್ ಖರ್ಚು ಬೇರೆ. ಈಗ ಪ್ರತಿ ಮನೆಯಿಂದ 10,000 ಮುಂಗಡ ಪಡೆಯಿರಿ. ಬೇಕಾದದ್ದು 1,50,000ಕ್ಕೆ ಇಳಿಯುತ್ತದೆ. ಕೇಳಲು ಸಂಕೋಚ ಬೇಡ. ಇದು ಬಡ್ಡಿಯಿಲ್ಲದ ಬಂಡವಾಳ.

ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ (ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಒಂದು ಮಿತಿಯವರೆಗೆ ತೆಗೆಯುವ ಸೌಲಭ್ಯ) ಕೇಳಿ, ಕಂತಿನ ಸಾಲ ಬೇಡ. ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ ಬೀಳುತ್ತದೆ. ಸರ್ಕಾರದ ಮುದ್ರಾ ಸಾಲ ಯೋಜನೆಯಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್ ಎಂಬ ವರ್ಗಗಳಿವೆ, ಅಡಮಾನ ಕೇಳುವಂತಿಲ್ಲ. ಸಣ್ಣ ಉದ್ಯಮಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ವರ್ಷದ ಅಂದಾಜು ವಹಿವಾಟಿನ 20% ಲಿಮಿಟ್ ಲೆಕ್ಕ ಹಾಕುತ್ತಾರೆ. ಅಷ್ಟೂ ತಗೊಳ್ಳಬೇಕೆಂದಿಲ್ಲ. ಬಿಲ್ ದುಡ್ಡನ್ನು ಸ್ವಂತ ಫೋನ್‌ಪೇಗೆ ಹಾಕಿಸಿಕೊಂಡರೆ ಆ ವಹಿವಾಟು ಸೇವೆಯ ಖಾತೆಯಲ್ಲಿ ಕಾಣುವುದೇ ಇಲ್ಲ.

ಐದು ನಿಮಿಷದಲ್ಲಿ ದುಡ್ಡು ಕೊಡುವ ಆ್ಯಪ್ ಸಾಲ, ದಿನದ ವಸೂಲಿ ಸಾಲ ಎರಡೂ ಬೇಡವೇ ಬೇಡ. ಓವರ್‌ಡ್ರಾಫ್ಟ್ ದುಡ್ಡಲ್ಲಿ ಮಂಚ, ಆಕ್ಸಿಜನ್ ಕಾನ್ಸಂಟ್ರೇಟರ್ ಕೊಂಡು ಪಗಾರಕ್ಕೆ ಪರದಾಡಿದವರೂ ಇದ್ದಾರೆ. ಅವನ್ನು ಬಾಡಿಗೆಗೆ ತನ್ನಿ.

ಆಸ್ಪತ್ರೆ, ಕಂಪನಿಗಳ ಜೊತೆ ಕೆಲಸ ಮಾಡುವುದಾದರೆ ಕರಾರು ಬರೆಸಿಕೊಳ್ಳಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕರಾರಿದ್ದರೂ 45 ದಿನಕ್ಕಿಂತ ಜಾಸ್ತಿ ಬಾಕಿ ಇಡುವಂತಿಲ್ಲ. ಇಟ್ಟರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಬಾಕಿ ಇಟ್ಟವರ ಮೇಲೆ ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಪ್ರತಿ ಬಿಲ್ ಮೇಲೂ ಉದ್ಯಮ್ ನಂಬರ್ ಹಾಕಿ.