ಎಂಬತ್ತು ಅಡಿ ಹಗ್ಗ ಸಾಲಲಿಲ್ಲ

‘ಹಗ್ಗ ತಗೊಂಡು ಕ್ಲಾಸಿಗೆ ಹೊರಟಿದ್ದೀರಲ್ಲ, ಯಾರನ್ನ ಕಟ್ಟಿಹಾಕ್ತೀರಿ ಸಾರ್?’ ಅಂತ 2022ರಲ್ಲಿ ನಮ್ಮ ಸ್ಟಾಫ್ ರೂಮೇ ನಕ್ಕಿತ್ತು. ಈಗ ಡಿಸೆಂಬರ್ ಹತ್ತಿರ ಬಂದರೆ ಅವರೇ ‘ಹಗ್ಗ ಯಾವತ್ತು?’ ಅಂತ ಕೇಳ್ತಾರೆ. ಅದಕ್ಕೇ, ಮನುಷ್ಯನ ಬೆಳವಣಿಗೆಯ ಹಂತಗಳನ್ನು ಹಗ್ಗದ ಮೇಲೆ ಪಾಠ ಮಾಡಿದ ಕಥೆ ಬರೀತಿದ್ದೀನಿ. ತಿಪಟೂರು ಕಡೆಯ ಒಂದು ಬಿ.ಇಡಿ ಕಾಲೇಜಿನಲ್ಲಿ ಮನೋವಿಜ್ಞಾನ ಹೇಳಿಕೊಡಲು ಶುರುಮಾಡಿ ಹದಿನಾಲ್ಕು ವರ್ಷವಾಯಿತು. ಶೈಶವ, ಬಾಲ್ಯ, ತಾರುಣ್ಯ, ಮಕ್ಕಳ ಯೋಚನೆ ಬೆಳೆಯುವ ಬಗೆ ಹೇಳಿದ ಪಿಯಾಜೆ, ಇಡೀ ಬಾಳನ್ನು ಎಂಟು ಹಂತವಾಗಿಸಿದ ಎರಿಕ್‌ಸನ್ ಎಲ್ಲ ಮೇಷ್ಟ್ರುಗಳಾದ ನಿಮಗೂ ಬಾಯಿಪಾಠ. ಅದನ್ನು ಮತ್ತೆ ಒದರುವುದಿಲ್ಲ.

ಮೊದಲು ಸೋತ ಕಥೆ. ಆರಂಭದ ವರ್ಷಗಳಲ್ಲಿ ಪಿಪಿಟಿ ಮಾಡಿದೆ, ನಲವತ್ತರ ಹತ್ತಿರ ಸ್ಲೈಡ್. ಕರೆಂಟ್ ಇದ್ದ ದಿನ ಪ್ರೊಜೆಕ್ಟರ್ ಇಲ್ಲ, ಪ್ರೊಜೆಕ್ಟರ್ ಸಿಕ್ಕ ದಿನ ಕರೆಂಟ್ ಇಲ್ಲ. ಆಮೇಲೆ ಎಂಟೂ ಹಂತಗಳ ದೊಡ್ಡ ಫ್ಲೆಕ್ಸ್ ಹೊಡೆಸಿದೆ, ಆರುನೂರೋ ಏಳುನೂರೋ ರೂಪಾಯಿ, ಕೈಯಿಂದಲೇ. ಗೋಡೆಗೆ ಹಾಕಿ ಒಂದು ತಿಂಗಳಾದರೂ ಯಾರೂ ತಲೆ ಎತ್ತಿ ನೋಡಲಿಲ್ಲ. ಈಗದು ನಮ್ಮ ಕೊಟ್ಟಿಗೆಯ ಮೇಲಿದೆ, ಎರಿಕ್‌ಸನ್ ಎರಡು ಹಸುಗಳಿಗೆ ನೆರಳು ಕೊಡ್ತಿದ್ದಾರೆ.

ಇಂಟರ್ನಲ್ಸ್‌ನಲ್ಲಿ ಒಬ್ಬ ಬರೆದದ್ದು ಕಣ್ಣು ತೆರೆಸಿತು. ಮಧ್ಯವಯಸ್ಸಿನ ‘ಉತ್ಪಾದಕತೆ ವಿರುದ್ಧ ಜಡತೆ’ಗೆ ಉದಾಹರಣೆ ಕೇಳಿದ್ದೆ. ‘ಕಾರ್ಖಾನೆಯಲ್ಲಿ ಹೆಚ್ಚು ಉತ್ಪಾದನೆ ಮಾಡುವ ನೌಕರ’ ಅಂತ ಬರೆದಿದ್ದ. ಇಲ್ಲಿ ಉತ್ಪಾದಕತೆ ಅಂದರೆ ಮುಂದಿನ ಪೀಳಿಗೆಗಾಗಿ ಏನನ್ನಾದರೂ ಬೆಳೆಸುವುದು. ತಪ್ಪು ಅವನದಲ್ಲ, ನಾನು ಕೊಟ್ಟ ನೋಟ್ಸಿನದು.

ಹಗ್ಗದ ಯೋಚನೆ ಬಂದದ್ದು ಸೈಟ್ ಅಳೆಯುವವರನ್ನು ನೋಡಿ. ಒಂದು ವರ್ಷಕ್ಕೆ ಒಂದು ಅಡಿ, ಅಷ್ಟೇ. ಮೀಟರ್ ಬೇಡ, ಅಡಿಯೇ ಬೇಕು. ಯಾಕೆಂದರೆ ಅಡಿಗೆ ಹನ್ನೆರಡು ಇಂಚು, ವರ್ಷಕ್ಕೆ ಹನ್ನೆರಡು ತಿಂಗಳು. ಇಂಚಿಗೊಂದು ತಿಂಗಳು ತಾನಾಗಿ ಕೂರುತ್ತದೆ. ಸೊನ್ನೆಯ ಗಂಟು ಅಂದರೆ ಹುಟ್ಟು, ಅದಕ್ಕಿಂತ ಹಿಂದೆ ಒಂಬತ್ತು ಇಂಚು ಬಿಟ್ಟು ಅರಿಸಿನದ ಬಟ್ಟೆ ಸುತ್ತಿದರೆ ಅದೇ ಗರ್ಭಾವಸ್ಥೆ. ಇದು ಹೊಳೆದ ರಾತ್ರಿ ನನಗೇ ನಾನು ಶಭಾಷ್ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಹಗ್ಗಕ್ಕೂ ಮುಂಚೆ ಕಾರಿಡಾರಿನಲ್ಲಿ ಸುಣ್ಣದ ಗೆರೆ ಎಳೆದಿದ್ದೆ. ಬೆಳಿಗ್ಗೆ ಬರುವಷ್ಟರಲ್ಲಿ ಆಯಾ ಒರೆಸಿಬಿಟ್ಟಿದ್ದರು, ಇಡೀ ಬಾಳು ಒಂದು ಬಕೆಟ್ ನೀರಿಗೆ ಹೋಯಿತು. ಆಮೇಲೆ ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಹಗ್ಗ ತಂದೆ, ನೂರೆಂಬತ್ತು ರೂಪಾಯಿ ಇರಬೇಕು. ನೆಲದ ಮೇಲೆ ಮಲಗುವುದೇ ಇಲ್ಲ, ಹಾವಿನ ಹಾಗೆ ಸುರುಳಿ ಸುತ್ತುತ್ತದೆ. ಕೊನೆಗೆ ತೆಂಗಿನ ನಾರಿನ ಹಗ್ಗ. ತೆಂಗಿನ ಸೀಮೆಯಲ್ಲಿದ್ದುಕೊಂಡು ಇಷ್ಟು ತಡವಾಗಿ ಹೊಳೆಯಿತು. ಎಂಬತ್ತು ಅಡಿಗೆ ನಾನೂರು ರೂಪಾಯಿ ಆಸುಪಾಸು. ಅಂಗಡಿಯವನು ಬಿಲ್ ಕೊಡಲಿಲ್ಲ, ಬಿಲ್ ಇಲ್ಲದೆ ಕಾಲೇಜು ದುಡ್ಡು ಕೊಡಲಿಲ್ಲ. ಎಂಬತ್ತೇ ಯಾಕೆ ಅಂದರೆ ನಮ್ಮ ಕಾರಿಡಾರ್ ಇರುವುದೇ ಅಷ್ಟು.

ಮೊದಲ ವರ್ಷ ಪ್ರಶಿಕ್ಷಣಾರ್ಥಿಗಳ ಕೈಗೆ ಚೀಟಿ ಕೊಟ್ಟು, ‘ಕುತ್ತಿಗೆ ನಿಲ್ಲುವುದು’, ‘ಮೊದಲ ಮಾತು’, ‘ಮತದಾನ’, ‘ಮುಟ್ಟು ನಿಲ್ಲುವುದು’, ‘ಸರ್ಕಾರಿ ನೌಕರಿಯಿಂದ ನಿವೃತ್ತಿ’ ಎಲ್ಲ ಹಗ್ಗದ ಮೇಲೆ ಇಡಿ ಅಂದೆ. ಎಲ್ಲರೂ ಹೋಗಿ ಮೊದಲ ಹದಿನೆಂಟು ಅಡಿಯಲ್ಲಿ ಗುಂಪು ಕಟ್ಟಿದರು, ಸಂತೆ. ಇಪ್ಪತ್ತೈದರಿಂದ ಅರವತ್ತರವರೆಗೆ ಮೂವತ್ತೈದು ಅಡಿ ಖಾಲಿ ಹಗ್ಗ. ನಾನೂ ಆ ಖಾಲಿ ಜಾಗದಲ್ಲೇ ನಿಂತಿದ್ದೆ. ಅಲ್ಲಿಯವರೆಗಿನ ಅಷ್ಟೂ ವರ್ಷದಲ್ಲಿ ಆ ಭಾಗಕ್ಕೆ ನಾನು ಒಂದು ಪೀರಿಯಡ್ಡಿಗಿಂತ ಹೆಚ್ಚು ಕೊಟ್ಟಿರಲಿಲ್ಲ ಅನ್ನುವುದು ಅವತ್ತೇ ಗೊತ್ತಾದದ್ದು.

ಹಾಗಾಗಿ ಮುಂದಿನ ವರ್ಷ ಚೀಟಿ ಬಿಟ್ಟು ಜನರನ್ನೇ ಕರೆಸಿದೆ. ಮೊದಲ ಪ್ರಯತ್ನ ನೆಲಕಚ್ಚಿತು. ನಿವೃತ್ತರಿಬ್ಬರು ಬಂದು ಹಗ್ಗದ ಮೇಲೆ ನಿಂತು ‘ಇಂದಿನ ಯುವಕರಲ್ಲಿ ಶಿಸ್ತಿಲ್ಲ’ ಅಂತ ಮುಕ್ಕಾಲು ಗಂಟೆ ಭಾಷಣ ಬಿಗಿದರು. ಆಟೋ ಬಾಡಿಗೆ ಮುನ್ನೂರು, ಕಾಫಿ ತಿಂಡಿ ಬೇರೆ. ಆಮೇಲೆ ನಾನೊಂದು ಪ್ರಶ್ನೆ ಕಂಡುಕೊಂಡೆ. ಅದನ್ನು ಕೇಳಿದರೆ ಎಂಥ ಭಾಷಣಕಾರರೂ ಉಪದೇಶ ಬಿಟ್ಟು ಕಥೆ ಹೇಳ್ತಾರೆ. ಅದನ್ನಿಲ್ಲಿ ಬರೆಯುವುದಿಲ್ಲ. ಹೋದ ಸಲ ನನ್ನ ಹಗ್ಗವನ್ನು ಒಬ್ಬರು ತರಬೇತಿಯೊಂದರಲ್ಲಿ ತಮ್ಮದೇ ಎಂದು ತೋರಿಸಿದರಂತೆ. ಆ ಪ್ರಶ್ನೆಯಾದರೂ ನನ್ನ ಹತ್ತಿರ ಇರಲಿ.

ಐವತ್ತೆಂಟನೇ ಅಡಿಯಲ್ಲಿ ಒಬ್ಬ ತೆಂಗಿನ ತೋಟದವರು ನಿಂತಿದ್ದರು. ಅವರು ಹೇಳಿದ್ದಿಷ್ಟು: ‘ಹೋದ ವರ್ಸ ನಲವತ್ತು ಸಸಿ ಇಟ್ಟೆ. ನಾಟಿ ತಳಿ, ಫಸಲಿಗೆ ಬರೋಕೆ ಏಳು ವರ್ಸ ಬೇಕು. ಆಮ್ಯಾಕೆ ಅರವತ್ತು ವರ್ಸ ಕಾಯಿ ಬಿಡ್ತದೆ. ನಾನು ತಿಂತೀನಾ ಅದನ್ನ?’ ಅಷ್ಟೇ. ‘ಉತ್ಪಾದಕತೆ’ ಅನ್ನುವ ಪದವನ್ನು ನಾನು ಆಮೇಲೆ ಹಲಗೆ ಮೇಲೆ ಬರೆಯಲೂ ಇಲ್ಲ. ಆ ಸಲ ಇಂಟರ್ನಲ್ಸ್‌ನ ಉತ್ಪಾದಕತೆಯ ಪ್ರಶ್ನೆಗೆ ಐವತ್ತು ಜನರಲ್ಲಿ ನಲವತ್ತರಷ್ಟು ಮಂದಿ ಸ್ವಂತ ಉದಾಹರಣೆ ಬರೆದರು. ಮುಂಚೆ ಹತ್ತು ಹನ್ನೆರಡು ದಾಟುತ್ತಿರಲಿಲ್ಲ.

ಸೊನ್ನೆಯ ತುದಿಯಲ್ಲೂ ನಾನು ನಿರೀಕ್ಷಿಸದ್ದು ನಡೆಯಿತು. ಏಳು ತಿಂಗಳ ಬಸುರಿ ಪ್ರಶಿಕ್ಷಣಾರ್ಥಿಯೊಬ್ಬಳು ಕಷ್ಟಪಟ್ಟು ಬಗ್ಗಿ, ಅರಿಸಿನದ ಬಟ್ಟೆಯ ಏಳನೇ ಇಂಚಿನ ಮೇಲೆ ಬೆರಳಿಟ್ಟು, ‘ಸಾರ್, ಇದು ಇಲ್ಲಿದೆ, ನಾನು ಅಲ್ಲಿದ್ದೀನಿ’ ಅಂತ ಇಪ್ಪತ್ತಾರನೇ ಅಡಿ ತೋರಿಸಿದಳು.

ನಡುವೆ ಒಂದೆರಡು ಅಡ್ಡದಾರಿ ಪ್ರಯೋಗಗಳು. ಗಿಡ್ಡ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದು ‘ಈಗ ಎಲ್ಲಿ ಜಾಸ್ತಿ?’ ಅಂತ ಕೇಳುವ ಪಿಯಾಜೆಯ ಪ್ರಯೋಗವನ್ನು ಪಕ್ಕದ ಅಂಗನವಾಡಿಯಲ್ಲಿ ಮಾಡಿದೆವು, ನೀರಿನ ಬದಲು ನಿಂಬೆ ಶರಬತ್ತು. ನಾಲ್ಕೂವರೆ ವರ್ಷದ ಹುಡುಗಿ ಉದ್ದ ಲೋಟವನ್ನೇ ಎದೆಗವಚಿಕೊಂಡು ‘ಇದ್ರಲ್ಲೇ ಜಾಸ್ತಿ’ ಅಂದಳು. ಪುಸ್ತಕದಲ್ಲಿರುವಂತೆಯೇ. ಆದರೆ ಸ್ಕಾಟ್ಲೆಂಡಿನ ಮನೋವಿಜ್ಞಾನಿ ಮಾರ್ಗರೆಟ್ ಡೊನಾಲ್ಡ್‌ಸನ್ ಅವರ ಕಡೆಯವರು 1970ರ ದಶಕದಲ್ಲಿ ಮಾಡಿದ ಹಾಗೆ, ಸಮನಾದ ಎರಡು ಸಾಲು ಅಂಗಿ ಗುಂಡಿಗಳಲ್ಲಿ ಒಂದನ್ನು ನಾವು ಕದಲಿಸದೆ ‘ತುಂಟ ಕರಡಿ’ ಬೊಂಬೆಯ ಕೈಯಲ್ಲಿ ಕೆಡಿಸಿದಾಗ, ಕೆಲವು ಮಕ್ಕಳು ‘ಅಷ್ಟೇ ಐತೆ’ ಅಂದರು. ಮೇಷ್ಟ್ರೇ ಸಾಲು ಕದಲಿಸಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮೊದಲು ಹೇಳಿದ್ದು ತಪ್ಪಿರಬೇಕು ಅಂತ ಮಗು ಉತ್ತರ ಬದಲಿಸುವುದುಂಟು. ನಮ್ಮ ಕ್ಲಾಸುಗಳಲ್ಲೂ ಇದೇ ತಾನೇ ಆಗೋದು?

ಇನ್ನೊಂದು, ಕಿವಿ ಮುಟ್ಟುವ ಪರೀಕ್ಷೆ. ಜನ್ಮ ದಿನಾಂಕದ ದಾಖಲೆ ಇಲ್ಲದ ಕಾಲದಲ್ಲಿ, ಬಲಗೈಯನ್ನು ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಒಂದನೇ ಕ್ಲಾಸಿಗೆ ಸೇರಿಸಿಕೊಂಡು ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರಲ್ಲ, ಅದು. ಅಂಗನವಾಡಿಯ ಇಪ್ಪತ್ತು ಮಕ್ಕಳಲ್ಲಿ ಮುಟ್ಟಿದ್ದು ಒಬ್ಬನೋ ಇಬ್ಬರೋ. ಒಂದನೇ ತರಗತಿಯಲ್ಲಿ ಮುಟ್ಟದವರೇ ಕಡಿಮೆ. ಹುಟ್ಟಿದಾಗ ತಲೆ ದೇಹದ ಉದ್ದದ ಕಾಲು ಭಾಗ, ದೊಡ್ಡವರಲ್ಲಿ ಎಂಟನೇ ಒಂದು ಭಾಗ. ಆರರ ಹೊತ್ತಿಗೆ ತಲೆ ಬಹುಪಾಲು ಬೆಳೆದು ಮುಗಿದಿರುತ್ತದೆ, ಕೈ ಆಗ ಓಡಿ ಬಂದು ಹಿಡಿಯುತ್ತದೆ. ‘ತಲೆಯಿಂದ ಪಾದದೆಡೆಗೆ’ ಅನ್ನುವ ವಿಕಾಸ ತತ್ವಕ್ಕೆ ಇದಕ್ಕಿಂತ ಅಗ್ಗದ ಪಾಠೋಪಕರಣ ಇಲ್ಲ, ಖರ್ಚು ಸೊನ್ನೆ. (ಅಂಗನವಾಡಿ ಮಗುವನ್ನು ಮೂವತ್ತು ಜನ ಸುತ್ತುವರಿದರೆ ಬಾಯೇ ಬಿಡುವುದಿಲ್ಲ. ಅದಕ್ಕೂ ಒಂದು ಉಪಾಯವಿದೆ, ಖುದ್ದು ಬಂದವರಿಗೆ ತೋರಿಸ್ತೀನಿ.)

2023ರ ಡಿಸೆಂಬರಿನಲ್ಲಿ ವಿದ್ಯಾರ್ಥಿಯೊಬ್ಬನ ಅಜ್ಜಿ ಬಂದರು. ‘ನಿಮ್ಮ ವಯಸ್ಸಿನ ಗಂಟಿನ ಹತ್ರ ನಿಂತ್ಕೊಳ್ಳಿ ಅಜ್ಜಿ’ ಅಂದೆ. ವಯಸ್ಸು ಗೊತ್ತಿಲ್ಲ. ‘ಗಾಂಧಿ ಸತ್ತ ವರ್ಸ ನಾನು ಮೈನೆರೆದಿದ್ದು ಕಣಪ್ಪ’ ಅಂದರು. ಹುಡುಗಿಯರು ತಕ್ಷಣ ಲೆಕ್ಕಕ್ಕೆ ಇಳಿದರು: 1948, ಆಗ ಹದಿನಾಲ್ಕು ಅಂತ ಹಿಡಿದರೆ ಹುಟ್ಟಿದ್ದು 1934ರ ಆಸುಪಾಸು, ಈಗ ಎಂಬತ್ತೊಂಬತ್ತು. ತಾರುಣ್ಯದ ಪಾಠ ಲೆಕ್ಕಕ್ಕೆ ಬಂದದ್ದು ಅದೇ ಮೊದಲು.

ಅಜ್ಜಿ ಹಗ್ಗದ ಪಕ್ಕದಲ್ಲೇ ನಿಧಾನಕ್ಕೆ ನಡೆದರು. ನಲವತ್ತರ ಹತ್ತಿರ ಒಂದು ಗಳಿಗೆ ನಿಂತರು, ಯಾಕೆಂದು ನಾವು ಕೇಳಲಿಲ್ಲ. ಎಂಬತ್ತಕ್ಕೆ ಹಗ್ಗ ಮುಗಿಯಿತು. ‘ಮುಗೀತಲ್ಲಪ್ಪ, ನಾನೆಲ್ಲಿ ನಿಂತ್ಕಳ್ಳಿ?’ ಅಂದರು. ಕಾರಿಡಾರೂ ಅಲ್ಲಿಗೇ ಮುಗಿಯುತ್ತದೆ. ಮೊಮ್ಮಗ ಕೈ ಹಿಡಿದು ಮೆಟ್ಟಿಲು ಇಳಿಸಿದ, ಒಂಬತ್ತು ಅಡಿ ಮುಂದೆ ಹೊಂಗೆಮರದ ಕೆಳಗೆ ನಿಂತರು. ಅಲ್ಲಿಂದ ತಿರುಗಿ, ಇಪ್ಪತ್ಮೂರು ಇಪ್ಪತ್ನಾಲ್ಕರಲ್ಲಿ ನಿಂತಿದ್ದ ನಮ್ಮ ಹುಡುಗರನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ‘ಅಯ್ಯೋ, ಇನ್ನೂ ಅಲ್ಲೇ ಇದ್ದೀರಾ!’ ಅಂದರು.

ಮಾರನೇ ವಾರ ಇಪ್ಪತ್ತೈದು ಅಡಿ ಹೊಸ ಹಗ್ಗ ತಂದೆ, ನೂರ ಮೂವತ್ತೋ ನಲವತ್ತೋ ಕೊಟ್ಟೆ. ಬಣ್ಣ ಹೊಂದುವುದಿಲ್ಲ, ಎಂಬತ್ತರಲ್ಲಿ ದಪ್ಪ ಗಂಟು ಕಾಲಿಗೆ ಸಿಗುತ್ತದೆ. ಬಿಲ್ ಈ ಸಲವೂ ಇಲ್ಲ.