ಏಳು ಮನೆಯ ಕರೆಂಟು: ಬಿಸಿಲು, ತೋಡು ಮತ್ತು ಸರದಿ

ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟ ವರ್ಷ 2025. ಎರಡು ಮೂರು ದಿನ ಕಳೆದ ಮೇಲೆ ಒಂದು ರಾತ್ರಿ ಬೀಸಿದ ಗಾಳಿಗೆ ನಮ್ಮೂರಿನ ಲೈನಿನ ಮೇಲೆ ಹಲಸಿನ ಮರ ಬಿದ್ದು ನಾಲ್ಕು ಕಂಬ ಒಟ್ಟಿಗೆ ಮಲಗಿದವು. ಐದು ದಿನ ಕಾಸರಗೋಡು ಜಿಲ್ಲೆಯ ಪೆರ್ಲದ ಈಚೆಗಿನ ನಮ್ಮ ಮೂಲೆಗೆ ಕರೆಂಟು ಬರಲಿಲ್ಲ. ಬಿಸಿಲು ಮತ್ತು ತೋಡಿನ (ಸಣ್ಣ ಹಳ್ಳದ) ನೀರಿನಿಂದ ಕರೆಂಟು ಮಾಡಿ ಹಂಚಿಕೊಳ್ಳುವ ನಮ್ಮ ಏಳು ಮನೆಗಳಲ್ಲಿ ಮಾತ್ರ ಬೆಳಗ್ಗೆ ಮಿಕ್ಸಿ ತಿರುಗುತ್ತಿತ್ತು, ಇಂಡಕ್ಷನ್ ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುತ್ತಿತ್ತು, ಟ್ಯಾಂಕಿಗೆ ನೀರು ಏರುತ್ತಿತ್ತು. ಮೂರನೇ ದಿನ ಮೊಬೈಲ್ ಚಾರ್ಜಿಗಿಡಲು ಜಗಲಿಗೆ ಬಂದವರಲ್ಲಿ ಆಚೆ ಗುಡ್ಡೆಯ ಮಾವನೂ ಇದ್ದರು. ಆರು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಕೂತು, "ಒಂದು ತೋಡಿನ ನೀರಿಗೆ ಕೋರ್ಟಿಗೆ ಹೋದವರು ನೀವು, ಕರೆಂಟು ಹಂಚಿಕೊಳ್ತೀರಾ ಮಾರಾಯ?" ಎಂದು ಕೇಳಿದ್ದವರು ಅವರೇ. ಈಗ, "ಮಾಡಿದ್ದನ್ನು ಒಂದು ಕಡೆ ಬರೆದಿಡು" ಎಂದರು. ಅದಕ್ಕಾಗಿ ಇದು.

ಪ್ಯಾನೆಲ್, ಎಂಪಿಪಿಟಿ (ಪ್ಯಾನೆಲಿನ ಕರೆಂಟನ್ನು ಬ್ಯಾಟರಿಗೆ ತುಂಬುವ ಚಾರ್ಜರ್), ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ ಎರಡನ್ನೂ ನೋಡಿಕೊಂಡು ಮನೆಗೆ ಕರೆಂಟು ಕೊಡುವಂಥದ್ದು) ಇವನ್ನೆಲ್ಲ ಉದ್ದಕ್ಕೆ ವಿವರಿಸಲು ಹೋಗುವುದಿಲ್ಲ. ಈ ಕೆಲಸಕ್ಕೆ ಕೈ ಹಾಕುವವರಿಗೆ ಅದು ಗೊತ್ತಿರುತ್ತದೆ. ಸೋತದ್ದು ಎಲ್ಲಿ, ದುಡ್ಡು ಹೋದದ್ದು ಎಲ್ಲಿ, ಕೊನೆಗೆ ನಿಂತದ್ದು ಹೇಗೆ ಎಂಬುದಷ್ಟೇ ಹೇಳುತ್ತೇನೆ. ಲೆಕ್ಕವೆಲ್ಲ ನೆನಪಿನಿಂದ. ನೂರಿನ್ನೂರು ರೂಪಾಯಿ ಆಚೀಚೆ ಆದೀತು.

ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಯ ಇಳಿಜಾರು. ಮೇಲೆ ಮೂರು ಮನೆ, ತೋಟದ ಅಂಚಿಗೆ ನಾಲ್ಕು, ಕೆಳಗೆ ತೋಡು. ಮಾರ್ಚ್ ಬಂದರೆ ಸಂಜೆಯ ವೋಲ್ಟೇಜ್ 165, 170. ಪಂಪು ಎತ್ತುವುದಿಲ್ಲ, ಗರ್ ಎನ್ನುತ್ತಾ ನಿಂತು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಒಂದು ಬೇಸಗೆಯಲ್ಲಿ ಏಳು ಮನೆಯ ಒಂಬತ್ತು ಮೋಟಾರು ರಿವೈಂಡಿಂಗಿಗೆ ಹೋದದ್ದಿದೆ. ಅಡಿಕೆಗೆ ನೀರು ತಪ್ಪಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಯ ಪೈವಳಿಕೆಯ ಗುಡ್ಡೆಯಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಏಳುವುದನ್ನು ಆ ದಾರಿಯಲ್ಲಿ ಹೋಗುವಾಗೆಲ್ಲ ನೋಡುತ್ತಿದ್ದೆ. ಅದೇ ಬಿಸಿಲು ನಮ್ಮ ಅಡಿಕೆ ಅಂಗಳಕ್ಕೂ ಬೀಳುತ್ತದಲ್ಲ, ಅಲ್ಲಿಂದ ತಲೆಗೆ ಹುಳ ಹೊಕ್ಕಿತು.

2019ರಲ್ಲಿ ಮೂರು ಮನೆ ಸೇರಿ ಶುರು ಮಾಡಿದೆವು. ಮಾಡಿದ ಮೊದಲ ತಪ್ಪು ಬ್ಯಾಟರಿಯಿಂದ ಶುರು ಮಾಡಿದ್ದು. 150 ಆಂಪಿಯರ್-ಅವರ್‌ನ ಹದಿನಾರು ಟ್ಯೂಬುಲರ್ (ಸೀಸದ) ಬ್ಯಾಟರಿ, ಎಲ್ಲ ಸೇರಿ 48 ವೋಲ್ಟಿನ ಬ್ಯಾಂಕು, ಎರಡೂಕಾಲು ಲಕ್ಷದ ಮೇಲೆ. "ಬ್ಯಾಟರಿ ದೊಡ್ಡದಿದ್ದರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ" ಎಂದು ಮಾರಿದವನು ಹೇಳಿದ, ನಾವೂ ನಂಬಿದೆವು. ಯಾರೂ ಯಾರನ್ನೂ ಕೇಳಲಿಲ್ಲ. ರಾತ್ರಿ ಒಂಬತ್ತಕ್ಕೆ ಒಬ್ಬರು ಪಂಪು ಹಾಕಿದರು, ಇನ್ನೊಬ್ಬರ ಗ್ರೈಂಡರ್ ತಿರುಗುತ್ತಿತ್ತು, ಡಿಸ್ಟಿಲ್ಡ್ ವಾಟರ್ ಹಾಕುವ ಸರದಿ ಯಾರದೆಂದು ಯಾರಿಗೂ ನೆನಪಿರಲಿಲ್ಲ. ಇಪ್ಪತ್ತಾರು ತಿಂಗಳಲ್ಲಿ ಹದಿನಾರರಲ್ಲಿ ಹನ್ನೊಂದು ಸತ್ತವು. ಗುಜರಿಗೆ ಹಾಕಿದಾಗ ಕೈಗೆ ಬಂದದ್ದು ಮೂವತ್ತು ಸಾವಿರ ಚಿಲ್ಲರೆ. ಆ ಸಂಜೆ ಅಂಗಳದಲ್ಲಿ ಖಾಲಿ ಸ್ಟ್ಯಾಂಡು ನೋಡಿಕೊಂಡು ಕೂತಿದ್ದೆ. ಹೆಂಡತಿ ಚಹಾ ತಂದಿಟ್ಟು, "ಕಟ್ಟದ ನೀರಿಗೆ ಸರದಿ ಇಲ್ಲವಾ? ಇದಕ್ಕೂ ಇಡಿ" ಎಂದಳು.

ಇಡೀ ಕೆಲಸದ ಬೀಜ ಆ ಮಾತು. ಏತಡ್ಕದ ಕಟ್ಟಗಳನ್ನು ನೋಡಿದವರಿಗೆ ಗೊತ್ತು, ಡಿಸೆಂಬರಿನಲ್ಲಿ ತೋಡಿಗೆ ಅಡ್ಡ ಕಟ್ಟ ಕಟ್ಟಿ ನೀರು ನಿಲ್ಲಿಸುವುದು ನಮ್ಮ ಕಡೆ ಅಜ್ಜಂದಿರ ಕಾಲದ ಕ್ರಮ. ನಮ್ಮ ತೋಡಿನಲ್ಲೂ ಇತ್ತು, ಯಾವ ತೋಟಕ್ಕೆ ಯಾವ ದಿನ ಎಂಬ ಸರದಿಯೂ ಇತ್ತು. ಕೋರ್ಟಿಗೆ ಹೋದದ್ದು ಸರದಿ ಮುರಿದ ಮೇಲೆಯೇ. ಹಾಗಾಗಿ ಏಳು ಮನೆಯೂ ಸೇರಿ ಎರಡನೇ ಸಲ ಸಾಮಾನು ಕೊಳ್ಳುವ ಮೊದಲು ಒಂದು ಬೇಸಗೆ ಪೂರ್ತಿ ಬರೀ ಲೈನ್ ಕರೆಂಟಿನಲ್ಲೇ ಸರದಿ ನಡೆಸಿ ನೋಡಿದೆವು. ಎಲ್ಲ ಪಂಪೂ ಬೆಳಗ್ಗೆ ಒಂಬತ್ತೂವರೆಯಿಂದ ಮೂರೂವರೆಯೊಳಗೆ, ಒಂದು ಹೊತ್ತಿಗೆ ಎರಡೇ. ಗ್ರೈಂಡರ್, ಇಸ್ತ್ರಿ, ವಾಷಿಂಗ್ ಮೆಷಿನ್ ಎಲ್ಲ ಹಗಲು. ಒಂದು ನೋಟುಪುಸ್ತಕದಲ್ಲಿ ಏಳು ಮನೆಯ ಮೀಟರ್ ರೀಡಿಂಗು ಬೆಳಗ್ಗೆ ಸಂಜೆ ಬರೆದೆವು. ಬರೆದವರು ಕೆಳಮನೆಯ ರಿಟೈರ್ಡ್ ಟೀಚರು. ಅವರಿಲ್ಲದಿದ್ದರೆ ಈ ಲೆಕ್ಕ ಹೊರಗೆ ಬರುತ್ತಲೇ ಇರಲಿಲ್ಲ: ಸೂರ್ಯ ಮುಳುಗಿದ ಮೇಲೆ ಏಳು ಮನೆಗೂ ಸೇರಿ ಬೇಕಾದದ್ದು 20, 22 ಯೂನಿಟ್ ಮಾತ್ರ. ನಾನು ಅಂದಾಜಿಸಿದ್ದು 50.

ಈಗ ಇರುವ ವ್ಯವಸ್ಥೆ ಹೀಗೆ. ಒಟ್ಟು 18 ಕಿಲೋವ್ಯಾಟ್ ಪ್ಯಾನೆಲ್. ಹತ್ತು ನಮ್ಮ ಅಡಿಕೆ ಅಂಗಳದ ಮೇಲೆ ಎತ್ತರದ ಚಪ್ಪರದಂತೆ, ಉಳಿದದ್ದು ಮೇಲಿನ ಎರಡು ಮನೆಯ ಮಾಡಿನ ಮೇಲೆ. 5 ಕಿಲೋವ್ಯಾಟಿನ ಮೂರು ಹೈಬ್ರಿಡ್ ಇನ್ವರ್ಟರ್ ಸೇರಿ ತ್ರೀ ಫೇಸ್. ಬ್ಯಾಟರಿ 280 ಆಂಪಿಯರ್-ಅವರ್‌ನ ಲಿಥಿಯಂ ಫೆರ್ರೋ ಫಾಸ್ಫೇಟ್ ಸೆಲ್, ಹದಿನಾರರ ಎರಡು ಸಾಲು, 28 ಯೂನಿಟ್ ಹಿಡಿಯುತ್ತದೆ. ಸೆಲ್ ತರಿಸಿ ನಾನೇ ಜೋಡಿಸಿದೆ. ಹೊಂದಿಸುವ ಮೊದಲು ಮೂವತ್ತೆರಡು ಸೆಲ್ಲನ್ನೂ ಒಟ್ಟಿಗೆ ಪ್ಯಾರಲಲ್‌ನಲ್ಲಿಟ್ಟು ಎಲ್ಲವನ್ನೂ ಸಮವಾಗಿ 3.65 ವೋಲ್ಟಿಗೆ ತರಲು ಆರು ದಿನ ಹಿಡಿಯಿತು. ಆ ಆರು ದಿನ ಉಳಿಸಲು ಹೋಗಬೇಡಿ.

ಮನೆಯೊಳಗೆ ಎರಡು ಬೋರ್ಡು, ಒಂದು ಲೈನಿನದ್ದು, ಒಂದು ನಮ್ಮ ಏಳು ಮನೆಯ ಕೂಟದ್ದು. ನಡುವೆ ಕೈಯಿಂದ ತಿರುಗಿಸುವ ಚೇಂಜೋವರ್ ಸ್ವಿಚ್ಚು. ಎರಡು ತಂತಿ ಎಲ್ಲಿಯೂ ಸೇರುವುದಿಲ್ಲ. ಯೂನಿಟ್ ಲೆಕ್ಕದಲ್ಲಿ ಯಾರೂ ಯಾರಿಗೂ ಕರೆಂಟು ಮಾರುವುದಿಲ್ಲ, ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ವಂತ ಬಳಕೆಗೆ ಉತ್ಪಾದಿಸಬಹುದು, ಕೂಟಕ್ಕೂ ಅದು ಅನ್ವಯಿಸುತ್ತದೆ. ಕಾಸರಗೋಡಿನ ವಕೀಲರೊಬ್ಬರಲ್ಲಿ ಕೂತು ಏಳೂ ಮನೆಯವರು ಪಾಲುದಾರರಾಗುವಂತೆ ಕಾಗದ ಮಾಡಿಸಿದೆವು. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ.

"3 ಕಿಲೋವ್ಯಾಟಿಗೆ ಸರಕಾರ 78,000 ಸಬ್ಸಿಡಿ ಕೊಡುವಾಗ ಇದೆಲ್ಲ ಯಾಕೆ?" ಎಂದು ಬಹಳ ಜನ ಕೇಳಿದರು. ನ್ಯಾಯವಾದ ಪ್ರಶ್ನೆ. ಆ ಸಬ್ಸಿಡಿಯ ಪಿಎಂ ಸೂರ್ಯ ಘರ್ ಯೋಜನೆ ಬಂದದ್ದು 2024ರ ಫೆಬ್ರವರಿಯಲ್ಲಿ, ನಮ್ಮ ಪ್ಯಾನೆಲ್ ಆಗಲೇ ಏರಿತ್ತು. ಅಲ್ಲದೆ ಬರೀ ಆನ್‌ಗ್ರಿಡ್, ಅಂದರೆ ಬ್ಯಾಟರಿಯಿಲ್ಲದೆ ಲೈನಿಗೇ ಜೋಡಿಸುವಂಥದ್ದು, ಹಾಕಿಸಿದರೆ ಲೈನು ಹೋದ ಕೂಡಲೇ ಅದೂ ನಿಲ್ಲುತ್ತದೆ. ನಮ್ಮ ಕಷ್ಟವೇ ಲೈನು ಹೋಗುವುದು. ಬಿಲ್ಲು ಇಳಿಸುವುದೊಂದೇ ಉದ್ದೇಶವಾದರೆ ಕಣ್ಣುಮುಚ್ಚಿ ಅದನ್ನೇ ಹಾಕಿಸಿ.

ಇನ್ನು ಮಳೆಗಾಲ. ಜುಲೈಯಲ್ಲಿ ನಮ್ಮ ಕಡೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಎರಡು ಯೂನಿಟ್ ಸಿಕ್ಕರೆ ಹೆಚ್ಚು. ಫೆಬ್ರವರಿಯಲ್ಲಿ 70 ಯೂನಿಟ್ ಕೊಡುವ ಪ್ಯಾನೆಲ್ ಆಗ 35ಕ್ಕೆ ಇಳಿಯುತ್ತದೆ, ಕೆಲವು ದಿನ ಹದಿನೈದಕ್ಕೂ. ಆದರೆ ಅದೇ ಹೊತ್ತಿಗೆ ತೋಡು ತುಂಬಿ ಹರಿಯುತ್ತಿರುತ್ತದೆ. ನಮ್ಮ ಮೇಲಿನ ಗುಂಡಿಯಿಂದ ಕೆಳಗಿನ ತೋಟಕ್ಕೆ 40 ಮೀಟರ್ ಇಳಿಕೆ. ಸೆಕೆಂಡಿಗೆ ಆರು ಲೀಟರ್ ನೀರು ಬಿಟ್ಟರೆ, ನಳಿಕೆಯಿಂದ ಚಿಮ್ಮುವ ನೀರಿಗೆ ತಿರುಗುವ ಪುಟ್ಟ ಪೆಲ್ಟನ್ ಚಕ್ರ 1.2 ಕಿಲೋವ್ಯಾಟ್ ಕೊಡುತ್ತದೆ. ಸಣ್ಣದೆಂದು ಕಾಣಬಹುದು. ಇಪ್ಪತ್ತನಾಲ್ಕು ಗಂಟೆಯೂ ತಿರುಗಿದರೆ ದಿನಕ್ಕೆ 28 ಯೂನಿಟ್, ಅಂದರೆ ನಮ್ಮ ಬ್ಯಾಟರಿ ಒಮ್ಮೆ ತುಂಬುವಷ್ಟು. ಪಂಪುಗಳು ಮಲಗಿರುವ ಕಾಲ ಬೇರೆ. ಬಿಸಿಲು ಕುಂದಿದಾಗ ತೋಡು, ತೋಡು ಬತ್ತಿದಾಗ ಬಿಸಿಲು. ಪಶ್ಚಿಮ ಘಟ್ಟದ ಬುಡದಲ್ಲಿ ಹುಟ್ಟಿದ ನಮಗೆ ಸಿಕ್ಕ ಭಾಗ್ಯ ಇದು. ಇದನ್ನು ಬಿಟ್ಟು ಡೀಸೆಲ್ ಜನರೇಟರ್ ಇಡುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಈ ಚಕ್ರ, ಅಂದರೆ ಟರ್ಬೈನ್, ಸುಲಭದಲ್ಲಿ ಬಗ್ಗಲಿಲ್ಲ. ಮೊದಲ ವರ್ಷ ನೀರು ಹಿಡಿಯುವ ಬಾಯಿಯನ್ನು ತೋಡಿನ ನಡುವೆ ಇಟ್ಟಿದ್ದೆ, ಜೂನ್ ಕೊನೆಯ ನೆರೆಗೆ ಪೈಪು ಸಮೇತ ಹೋಯಿತು. ಎರಡನೇ ವರ್ಷ ಪಕ್ಕಕ್ಕೆ ಸರಿಸಿದೆ. ಈಗ ತರಗೆಲೆ ಕಾಟ. ಜೋರು ಮಳೆಯಲ್ಲಿ ರಾತ್ರಿ ಎರಡಕ್ಕೆ ಕೊಡೆ, ಟಾರ್ಚು ಹಿಡಿದು ಹೋಗಿ ಜಾಲರಿ ಕೆರೆಯುವುದು. ಹನ್ನೆರಡು ದಿನದಲ್ಲಿ ಬೇಡವೆನಿಸಿತು. ಕೊನೆಗೆ ಸ್ಟೀಲ್ ಜಾಲರಿಯನ್ನು ಓರೆಯಾಗಿ ಮಲಗಿಸಿ, ನೀರು ಅದರ ಮೇಲಿಂದ ಜಾರಿ ಕೆಳಗಿಳಿಯುವಂತೆ ಮಾಡಿದೆ. ಎಲೆಯನ್ನು ನೀರೇ ತಳ್ಳಿಕೊಂಡು ಹೋಗುತ್ತದೆ. ಈಗ ವಾರಕ್ಕೊಮ್ಮೆ ನೋಡಿದರೆ ಸಾಕು. ಎಷ್ಟು ಓರೆ ಎಂಬುದನ್ನು ಬಂದು ನೋಡಿಯೇ ತಿಳಿಯಬೇಕು, ನಳಿಕೆಯ ತುದಿ ಕೊರೆದ ರೀತಿಯೂ ಹಾಗೆಯೇ. ಎರಡು ಮಳೆಗಾಲ ನೆನೆದು ಕಂಡುಕೊಂಡದ್ದು ಅವು.

ಆದರೆ ಒಂದು ಪೆಟ್ಟನ್ನು ಮುಚ್ಚಿಡುವುದಿಲ್ಲ, ಇದು ಎಲ್ಲರಿಗೂ ಬೀಳುವಂಥದ್ದು. ಚಕ್ರದ ಪರ್ಮನೆಂಟ್ ಮ್ಯಾಗ್ನೆಟ್ ಜನರೇಟರನ್ನು 150 ವೋಲ್ಟಿನವರೆಗೆ ತಾಳುವ ಎಂಪಿಪಿಟಿಗೆ ಕೊಟ್ಟಿದ್ದೆ. ಓಡುವಾಗ 90 ವೋಲ್ಟ್. ಒಂದು ರಾತ್ರಿ ಬ್ಯಾಟರಿ ತುಂಬಿತು, ಚಾರ್ಜರ್ ಕೈಬಿಟ್ಟಿತು, ಹೊರೆ ತಪ್ಪಿದ ಚಕ್ರ ಹುಚ್ಚೆದ್ದು ತಿರುಗಿತು, ವೋಲ್ಟೇಜ್ ಸುಮಾರು ದುಪ್ಪಟ್ಟು. ಎಂಪಿಪಿಟಿ ಸುಟ್ಟ ವಾಸನೆ ಹಟ್ಟಿಯವರೆಗೆ (ದನದ ಕೊಟ್ಟಿಗೆಯವರೆಗೆ) ಬಂದಿತ್ತು. ಇಪ್ಪತ್ತೆಂಟು ಸಾವಿರ. ಪ್ಯಾನೆಲ್‌ನಂತೆ ಟರ್ಬೈನನ್ನು ಹೊರೆಯಿಲ್ಲದೆ ಬಿಡಬಾರದು. ಈಗ ಹೆಚ್ಚಾದ ಕರೆಂಟು ಬಚ್ಚಲಿನ ನೀರಿನ ಹೀಟರಿಗೆ ಹೋಗುತ್ತದೆ. ಮಳೆಗಾಲದಲ್ಲಿ ಸ್ನಾನದ ನೀರಿಗೆ ಸೌದೆ ಒಟ್ಟುವ ಕೆಲಸ ನಮ್ಮಲ್ಲಿ ನಿಂತು ಮೂರು ವರ್ಷವಾಯಿತು.

ತಂತಿಯ ವಿಷಯದಲ್ಲೂ ದುಡ್ಡು ಕಳೆದೆ. ಕೊನೆಯ ಮನೆ 400 ಮೀಟರ್ ದೂರ. 6 ಸ್ಕ್ವೇರ್ ಎಂಎಂ ತಾಮ್ರ ಸಾಕೆಂದು ಎಳೆದರೆ ಹತ್ತು ಆಂಪಿಯರಿಗೇ 25 ವೋಲ್ಟ್ ಬಿತ್ತು. ಬಿಚ್ಚಿ 25 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಹಾಕಿದೆ, ಈಗ ಹತ್ತು ವೋಲ್ಟಿನೊಳಗೆ. ಆರ್ಮರ್ಡ್ ಯಾಕೆಂದರೆ ಮುಳ್ಳುಹಂದಿ. ಬರೀ ಪೈಪಿನಲ್ಲಿ ಹಾಕಿದ್ದನ್ನು ಎರಡು ಕಡೆ ಕಡಿದಿತ್ತು. ಅರ್ಥಿಂಗೂ ಅಷ್ಟೇ: ಮುರಕಲ್ಲಿನಲ್ಲಿ ಎಷ್ಟು ಆಳ ತೋಡಿದರೂ ಬೇಸಗೆಯಲ್ಲಿ 40 ಓಂ ತೋರಿಸುತ್ತಿತ್ತು (ಕಡಿಮೆಯಿದ್ದಷ್ಟೂ ಒಳ್ಳೆಯದು). ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಸಿಡಿಲಿಗೆ ಇನ್ವರ್ಟರ್ ಬೋರ್ಡು, ಎರಡು ಟಿವಿ ಹೋದವು. ಆಮೇಲೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿಯನ್ನು ಕೆಳಗೆ ತೋಟದ ಕಣಿಯ ಒದ್ದೆ ಮಣ್ಣಿನವರೆಗೆ ಎಳೆದು ಅಲ್ಲಿ ಮೂರು ರಾಡು ಇಳಿಸಿದೆ. ಈಗ ಏಪ್ರಿಲಿನಲ್ಲೂ ಐದು ಓಂ ದಾಟುವುದಿಲ್ಲ.

ಅಡಿಗೆಮನೆ ಬಗ್ಗೆ ಹೆಂಗಸರೇ ಬರೆಯಬೇಕು, ಗ್ಯಾಸ್ ಬಿಡಿಸಿದ್ದು ಅವರು. ಬೆಳಗ್ಗೆ ಏಳಕ್ಕೆ ಏಳು ಮನೆಯಲ್ಲೂ ದೋಸೆ ಹೊತ್ತು, ಎಲ್ಲರೂ 1,800 ವ್ಯಾಟಿಗೆ ಇಟ್ಟರೆ ಹನ್ನೆರಡೂವರೆ ಕಿಲೋವ್ಯಾಟ್. ಅಷ್ಟು ಹೊತ್ತಿಗೆ ಬಿಸಿಲಿನ್ನೂ ಮರದ ಹಿಂದೆ. 1,200 ದಾಟಬಾರದೆಂದು ಮಾತಾಡಿಕೊಂಡರು. ಕುಚ್ಚಲಕ್ಕಿ ಅನ್ನಕ್ಕೆ ಥರ್ಮಲ್ ಕುಕ್ಕರ್: ಇಪ್ಪತ್ತು ನಿಮಿಷ ಕುದಿಸಿ ಡಬ್ಬಿಯೊಳಗಿಟ್ಟರೆ ಗಂಟೆ ಕಳೆಯುವಾಗ ಬೆಂದಿರುತ್ತದೆ. ತಗ್ಗಿದ ಹಳೆ ಕಾವಲಿ ಇಂಡಕ್ಷನ್ ಮೇಲೆ ಕೂರಲಿಲ್ಲ, ತಳ ಸಪಾಟಾದ ಕಬ್ಬಿಣದ್ದು ತಂದ ಮೇಲೆ ತೆಳ್ಳವು ಚೆನ್ನಾಗಿ ಏಳುತ್ತದೆ. ಮನೆಗೆ ವರ್ಷಕ್ಕೆ ಎಂಟು ಸಿಲಿಂಡರ್ ಬರುತ್ತಿತ್ತು, ಈಗ ಒಂದು, ಜಂಬ್ರಕ್ಕೆ (ಮನೆಯ ಸಮಾರಂಭಕ್ಕೆ).

ನಡುವೆ ಬೇರೆ ಪ್ರಯೋಗವೂ ನಡೆದವು. ನೀರಿಗಾಗಿ ಗುಡ್ಡೆಯ ಒಳಕ್ಕೆ ಅಡ್ಡ ಕೊರೆದ ಸುರಂಗದ ನೀರು ಬೇಸಗೆಯಲ್ಲೂ ಬೆರಳು ದಪ್ಪ ಬರುತ್ತದಲ್ಲ, ಅದಕ್ಕೊಂದು ಗೊಂಬೆಯಷ್ಟು ಚಕ್ರ ಇಟ್ಟೆ. 35 ವ್ಯಾಟ್. ಹಟ್ಟಿಗೆ ಮೂರು ಎಲ್‌ಇಡಿ ಉರಿಯುತ್ತವೆ, ಇವತ್ತಿಗೂ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ಪಂಪಿನ ಇಂಜಿನ್ ತೆಗೆದು 3 ಎಚ್‌ಪಿ ಮೋಟಾರು, ಅದರ ವೇಗ ಹಿಡಿತದಲ್ಲಿಡುವ ವಿಎಫ್‌ಡಿ ಕೂರಿಸಿದೆ. ಮದ್ದು ಬಿಡುವವರಿಗೆ ಕೆಳಗಿನಿಂದ ಕೂಗಿದ್ದು ಈಗ ಕೇಳಿಸುತ್ತದೆ. ಎಲ್ಲಕ್ಕಿಂತ ಹೆಮ್ಮೆ ಹಪ್ಪಳ ಒಣಗಿಸುವ ಗೂಡಿನದ್ದು. ಬ್ಯಾಟರಿ ತುಂಬುತ್ತಾ ಬಂದರೆ ಇನ್ವರ್ಟರ್ ಕರೆಂಟಿನ ಫ್ರೀಕ್ವೆನ್ಸಿಯನ್ನು 50 ಹರ್ಟ್ಸಿನಿಂದ ಮೇಲೇರಿಸುತ್ತದೆ, ಮಾಡಿನ ಮೇಲಿನ ಪ್ಯಾನೆಲ್‌ಗಳ ಇನ್ವರ್ಟರ್ ಅದನ್ನು ನೋಡಿ ತಗ್ಗುತ್ತದೆ. ಆ ಏರಿಕೆಯನ್ನೇ ಹಿಡಿದು ಗೂಡಿನ ಹೀಟರ್ ಆನ್ ಆಗುವಂತೆ ಒಂದು ರಿಲೇ (ತಾನಾಗಿ ಒತ್ತಿಕೊಳ್ಳುವ ಸ್ವಿಚ್ಚು) ಮಾಡಿದೆ. ಯಾವ ಅಂಕೆಗೆ ಇಟ್ಟಿದ್ದೇನೆ ಎಂಬುದು ಸದ್ಯಕ್ಕೆ ನನ್ನಲ್ಲಿರಲಿ. ಮಳೆ ಬೇಗ ಬಂದ ಆ ಮೇಯಲ್ಲಿ ಊರಿನ ಹಲಸಿನ ಹಪ್ಪಳ ಚಾಪೆಯಲ್ಲೇ ಬೂಷ್ಟು ಹಿಡಿಯಿತು. ನಮ್ಮ ಗೂಡಿನಿಂದ ಮೂರು ಸಾವಿರಕ್ಕೂ ಮಿಕ್ಕಿ ಒಣಗಿ ಹೊರಬಂತು.

ಖರ್ಚು: ಪ್ಯಾನೆಲ್ ನಾಲ್ಕೂವರೆ ಲಕ್ಷ, ಚಪ್ಪರ ಒಂದೂವರೆ, ಇನ್ವರ್ಟರ್ ಎರಡು ಚಿಲ್ಲರೆ, ಬ್ಯಾಟರಿ ಎರಡು ಮುಕ್ಕಾಲು, ಟರ್ಬೈನ್ ಪೈಪು ಸೇರಿ ಎರಡರ ಹತ್ತಿರ, ತಂತಿ ಅರ್ಥಿಂಗ್ ಎರಡು. ಹದಿನೈದು ಲಕ್ಷದ ಆಸುಪಾಸು. ಸೋತ ನಾಲ್ಕು ಲಕ್ಷ ಬೇರೆ. ಬಿಲ್ಲು, ಗ್ಯಾಸ್, ರಿವೈಂಡಿಂಗ್ ಎಲ್ಲ ಸೇರಿ ಏಳು ಮನೆಗೆ ವರ್ಷಕ್ಕೆ ಎರಡು ಲಕ್ಷದಷ್ಟು ಉಳಿಯುತ್ತದೆ. ಎಂಟು ವರ್ಷಕ್ಕೆ ಅಸಲು. ಮೂರು ವರ್ಷಕ್ಕೆ ಬರುತ್ತದೆ ಎನ್ನುವವರನ್ನು ನಂಬಬೇಡಿ.

ಅಳಿಯನೊಬ್ಬ ಬೆಂಗಳೂರಿನಿಂದ ಬಂದಾಗ ಬಿಹಾರದ ಧರ್ನೈ ಕಥೆ ಹೇಳಿ ಹೆದರಿಸಿದ್ದ. 2014ರಲ್ಲಿ ಗ್ರೀನ್‌ಪೀಸ್‌ನವರು ಅಲ್ಲಿ 100 ಕಿಲೋವ್ಯಾಟಿನ ಸೋಲಾರ್ ಮೈಕ್ರೋಗ್ರಿಡ್ ನಿಲ್ಲಿಸಿದರು, ದೇಶವೆಲ್ಲ ಹೊಗಳಿತು. ಅಗ್ಗದ ಲೈನ್ ಕರೆಂಟು ಬಂತು, ಬ್ಯಾಟರಿ ಸತ್ತವು, ನಿಂತುಹೋಯಿತು. ಅದನ್ನು ಕೇಳಿದ ಮೇಲೆಯೇ ಮನೆಗೆ ತಿಂಗಳಿಗೆ 500ರಂತೆ ಬ್ಯಾಟರಿ ನಿಧಿ ಶುರು ಮಾಡಿದ್ದು. ಎರಡು ತಿಂಗಳಿಗೊಮ್ಮೆ ಲೈನಿನ ಬಿಲ್ಲು ಬರುವ ವಾರದಲ್ಲೇ ಟೀಚರು ವಸೂಲು ಮಾಡುತ್ತಾರೆ. ಒಂದು ಸಲ ಒಬ್ಬರು ತಡ ಮಾಡಿದರು. ಕಟ್ಟದ ಕ್ರಮದಂತೆ ಅವರ ಪಂಪಿನ ಸರದಿ ಕೊನೆಗೆ ಹೋಯಿತು, ಮತ್ತೆ ಯಾರೂ ತಡ ಮಾಡಿಲ್ಲ.

ಉಳಿದಿರುವ ಕಷ್ಟ ಒಂದೇ, ಏಪ್ರಿಲ್ ಕೊನೆಯಿಂದ ಮೊದಲ ಮಳೆಯವರೆಗಿನ ಮೂರು ವಾರ. ಮಧ್ಯಾಹ್ನವೇ ಮೋಡ, ತೋಡು ಒಣ, ತೋಟಕ್ಕೆ ಅತಿ ಹೆಚ್ಚು ನೀರು ಬೇಕಾದ ಹೊತ್ತು. ಆಗ ಚೇಂಜೋವರ್ ತಿರುಗಿಸಿ ಲೈನಿಗೆ ಹೋಗಬೇಕಾಗುತ್ತದೆ. ರಬ್ಬರ್ ತೋಟದ ಇಚ್ಚ (ಅಣ್ಣ) ಹೊಸ ಎಲೆಕ್ಟ್ರಿಕ್ ಗೂಡ್ಸ್ ಆಟೋ ತಂದಿದ್ದಾರೆ, ಅದರ ಬ್ಯಾಟರಿಯನ್ನು ಸಂಜೆಗೆ ಬಳಸಬಹುದೇ ಎಂದು ಕೇಳಿದ್ದೇನೆ. "ಬೆಳಗ್ಗೆ ಬದಿಯಡ್ಕ ಪೇಟೆಗೆ ಹೋಗುವಷ್ಟು ಉಳಿಸಿದರೆ ಸಾಕು" ಎಂದಿದ್ದಾರೆ. ಈ ಬಾರಿ ಕಟ್ಟವನ್ನು ಡಿಸೆಂಬರ್ ಮೊದಲ ವಾರವೇ ಕಟ್ಟುವುದೆಂದು ಮಾತಾಗಿದೆ. ನಳಿಕೆಯನ್ನು ಅರ್ಧಕ್ಕಿಳಿಸಿ, ಜನವರಿಯವರೆಗೆ ಚಕ್ರ ತಿರುಗೀತೇ ನೋಡಬೇಕು.