ಪಾಲ್ಪಾ ಬೆಟ್ಟದ ಶಾಲೆಯಲ್ಲಿ ನಮ್ಮ ಯೂತ್ ಗ್ರೂಪ್: ನನ್ನ ಅನುಭವ

ನಮ್ಮ ಚರ್ಚ್ ಸಭೆಯ ಯೂತ್ ಗ್ರೂಪ್ ಹುಡುಗ್ರು ಹುಡುಗೀರನ್ನ ಕರ್ಕೊಂಡು ನೇಪಾಳದ ಪಾಲ್ಪಾ ಜಿಲ್ಲೆಯ ಬೆಟ್ಟದ ಶಾಲೆಗೆ ಹೋಗಿ ಬಂದಾಗಿಂದ ಬೇರೆ ಸಭೆಗಳೋರು ಫೋನ್ ಮಾಡಿ ಕೇಳ್ತಾನೇ ಇದಾರೆ, ಹೇಗೆ ಮಾಡಿದ್ರಿ, ಏನೇನು ತಗೊಂಡು ಹೋಗ್ಬೇಕು, ನಮ್ಮ ವಿಬಿಎಸ್ (ರಜೆಯಲ್ಲಿ ಮಕ್ಕಳಿಗೆ ನಡೆಸೋ ಬೈಬಲ್ ಶಾಲೆ) ಪುಸ್ತಕ ಅಲ್ಲಿ ನಡೆಯುತ್ತಾ ಅಂತ. ಒಬ್ಬೊಬ್ಬರಿಗೂ ಹೇಳೋ ಬದಲು ಒಂದೇ ಸಲ ಬರೆದುಬಿಡ್ತೀನಿ. ನಾನು ಪ್ರೈಮರಿ ಸ್ಕೂಲ್ ಟೀಚರ್, ಸಂಡೇ ಸ್ಕೂಲ್ ಜವಾಬ್ದಾರಿನೂ ನಂದೇ, ಹಾಗಾಗಿ ಮಕ್ಕಳ ವಿಷಯ ಅಂದ್ರೆ ನಾನು ಸ್ವಲ್ಪ ಕಟ್ಟುನಿಟ್ಟು.

ಟಿಕೆಟ್ ಬುಕ್ ಮಾಡೋಕೂ ಮುಂಚೆ ನಾವು ಕೂತು ಓದಿದ್ದು ಅಲ್ಲಿನ ಕಾನೂನು. ನೇಪಾಳದ 2015ರ ಸಂವಿಧಾನದ 26ನೇ ವಿಧಿ ಪ್ರಕಾರ ಯಾರನ್ನೂ ಒಂದು ಧರ್ಮದಿಂದ ಇನ್ನೊಂದಕ್ಕೆ ಮತಾಂತರ ಮಾಡೋ ಹಾಗಿಲ್ಲ, 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಹೊಸ ಅಪರಾಧ ಸಂಹಿತೆಯಲ್ಲಿ ಇದಕ್ಕೆ 5 ವರ್ಷದವರೆಗೆ ಜೈಲು, 50 ಸಾವಿರ ನೇಪಾಳಿ ರೂಪಾಯಿವರೆಗೆ ದಂಡ ಇದೆ, ವಿದೇಶಿಯರಾದ್ರೆ ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಗೆ ಕಳಿಸ್ತಾರೆ. ನಾವು ಅಲ್ಲಿ ಕರಪತ್ರ ಹಂಚಿ ರೈಲು ಹತ್ತಿ ಮನೆಗೆ ಬಂದುಬಿಡಬಹುದು, ಆಮೇಲೆ ಪೊಲೀಸ್ ಸ್ಟೇಷನ್‌ಗೆ ಅಲೆಯೋದು ಅಲ್ಲಿನ ಪಾಸ್ಟರು, ಅವರ ಸಭೆಯ ಬಡವರು. ಅದಕ್ಕೇ ಶಾಲೆ ಒಳಗೆ ಬೈಬಲ್ ಕಥೆ ಇಲ್ಲ, ಹಾಡಿಲ್ಲ, ಪ್ರಾರ್ಥನೆ ಇಲ್ಲ, ಬರೀ ಪಾಠ ಮತ್ತು ಆಟ ಅಂತ ತೀರ್ಮಾನ ಮಾಡಿದ್ವಿ.

ಕಮಿಟಿಯಲ್ಲಿ ಹಿರಿಯರೊಬ್ರು ಎದ್ದು ಕೇಳಿದ್ರು, "ಹಂಗಾದ್ರೆ ಇದು ಮಿಷನ್ ಹೆಂಗಾಗುತ್ತಮ್ಮಾ?" ಒಳ್ಳೇ ಪ್ರಶ್ನೆ, ಮನಸ್ಸಲ್ಲಿ ನೋವಿಟ್ಕೊಂಡೇ ಕೇಳಿದ್ರು. ನಾನು ಪಾಲ್ಪಾದ ತಾನ್ಸೇನ್ ಪಟ್ಟಣದ ಆಸ್ಪತ್ರೆ ವಿಷಯ ಹೇಳ್ದೆ. 1954ರಲ್ಲಿ ಯುನೈಟೆಡ್ ಮಿಷನ್ ಟು ನೇಪಾಳ್ ಅನ್ನೋ ಕ್ರೈಸ್ತ ಸೇವಾ ಸಂಸ್ಥೆ ಶುರುವಾದಾಗ ಅವರು ಕೈ ಹಾಕಿದ ಮೊದಲ ಕೆಲಸಗಳಲ್ಲಿ ಅದೂ ಒಂದು, ಅವಾಗ್ಲೂ ಪ್ರಚಾರ ಮಾಡ್ಬಾರ್ದು ಅನ್ನೋ ಷರತ್ತಿನ ಮೇಲೇ ಒಳಗೆ ಬಿಟ್ಟಿದ್ರು, ಇವತ್ತಿಗೂ ಸುತ್ತಲಿನ ಬೆಟ್ಟದ ಜನ ಅದೇ ಆಸ್ಪತ್ರೆಗೆ ಬರ್ತಾರೆ. ಇನ್ನೊಂದು ಮಾತೂ ಹೇಳ್ದೆ, ಅದು ಟೀಚರಾಗಿ ನನಗೆ ಗೊತ್ತಿರೋದು: ಬಿಸ್ಕೆಟ್ ಕೊಟ್ಟ ಅಕ್ಕ ಏನು ಕೇಳಿದ್ರೂ ಎಂಟು ವರ್ಷದ ಮಗು ಹೂಂ ಅನ್ನುತ್ತೆ. ಅಂಥ ಹೂಂ ಲೆಕ್ಕ ಹಾಕ್ಕೊಂಡು ಬಂದು ಇಲ್ಲಿ ರಿಪೋರ್ಟ್ ಓದೋದು ನನಗೆ ದೇವರ ಕೆಲಸ ಅನ್ಸಲ್ಲ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಆಯ್ತು ಹೋಗಿ ಬನ್ನಿ ಅಂದ್ರು.

ಎರಡನೇದು ಅನಾಥಾಶ್ರಮ. ಮಿಷನ್ ಟ್ರಿಪ್ ಅಂದ ತಕ್ಷಣ ಎಲ್ರಿಗೂ ಅದೇ ನೆನಪಾಗುತ್ತೆ, ನಮಗೂ ಕರೆ ಬಂದಿತ್ತು, ನಾವು ಹೋಗ್ಲಿಲ್ಲ. ನೇಪಾಳದ ಅನಾಥಾಶ್ರಮಗಳಲ್ಲಿರೋ ಬಹುಪಾಲು ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದ್ರೂ ಬದುಕಿರ್ತಾರೆ, ಓದಿಸ್ತೀವಿ ಅಂತ ಏಜೆಂಟ್‌ಗಳು ಹಳ್ಳಿಗಳಿಂದ ಮಕ್ಕಳನ್ನ ಕರ್ಕೊಂಡು ಬರ್ತಾರೆ, ಹೊರದೇಶದಿಂದ ಜನ, ದುಡ್ಡು ಬರ್ತಾ ಇದ್ದಷ್ಟೂ ಇದು ನಡೀತಾನೇ ಇರುತ್ತೆ. 2015ರ ಏಪ್ರಿಲ್ 25ರ ಭೂಕಂಪ ಆದ್ಮೇಲೆ ಯುನಿಸೆಫ್ ಕೂಡ ಈ ಅಪಾಯದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ವಾರಕ್ಕೊಂದು ಹೊಸ ಗುಂಪು ಬಂದು ಅಪ್ಕೊಂಡು ಮುದ್ದು ಮಾಡಿ ಹೋಗ್ತಾ ಇದ್ರೆ ಆ ಮಗು ಗತಿ ಏನು ಹೇಳಿ? ಮನೆಯಲ್ಲೇ ಇದ್ದು ಊರ ಶಾಲೆಗೆ ಹೋಗೋ ಮಕ್ಕಳ ಜೊತೆ ಮಾತ್ರ ಕೆಲಸ ಅಂತ ನಾವು ಗೆರೆ ಎಳೆದುಬಿಟ್ವಿ.

ಪ್ರಯಾಣದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸೋನೌಲಿ ಗಡಿಗೆ ಬಸ್ಸು, ಗೇಟನ್ನ ನಡ್ಕೊಂಡೇ ದಾಟೋದು, ಆಮೇಲೆ ಭೈರಹವಾ, ಬುಟ್ವಲ್, ಅಲ್ಲಿಂದ ಸಿದ್ಧಾರ್ಥ ಹೆದ್ದಾರಿ ತಿರುವುಗಳಲ್ಲಿ ತಾನ್ಸೇನ್. ವಾಂತಿ ಮಾತ್ರೆ ಬುಟ್ವಲ್‌ನಲ್ಲೇ ನುಂಗಿಬಿಡಿ. ಭಾರತೀಯರಿಗೆ ವೀಸಾ ಬೇಡ, ಆದ್ರೆ ದೊಡ್ಡೋರಿಗೆ ಆಧಾರ್ ನಂಬ್ಕೊಂಡು ಹೋಗ್ಬೇಡಿ, ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಇರಲಿ, ಹದಿನೆಂಟು ತುಂಬದೋರು ಇದ್ರೆ ಶಾಲೆಯ ಗುರುತಿನ ಪತ್ರ ಮತ್ತೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಎರಡೂ ಇಟ್ಕೊಳ್ಳಿ. ನಮ್ಮ 100 ರೂಪಾಯಿಗೆ ಅಲ್ಲಿ 160. ದಸರಾ ರಜೆಗೆ ಹೋಗೋಣ ಅಂತ ಮಾತ್ರ ಪ್ಲಾನ್ ಮಾಡ್ಬೇಡಿ, ಅದೇ ಟೈಮಿಗೆ ಅಲ್ಲಿ ದಶೈಂ ಹಬ್ಬ, ಶಾಲೆಗಳೆಲ್ಲ ಬೀಗ. ಅವರ ಹೊಸ ಶಾಲಾ ವರ್ಷ ಏಪ್ರಿಲ್ ಮಧ್ಯಕ್ಕೆ ಶುರುವಾಗೋದು, ಹಾಗಾಗಿ ನಮ್ಮ ಬೇಸಿಗೆ ರಜೆಯ ಮೇ ತಿಂಗಳು ಸರಿ ಹೋಗುತ್ತೆ, ಜೂನ್ ಮಧ್ಯಕ್ಕೆ ಮಳೆ ಹಿಡಿದ್ರೆ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತೆ.

ಹೋಗೋಕೆ ಮುಂಚೆ ಪ್ರತಿ ಶನಿವಾರ ಸಂಜೆ ನೇಪಾಳಿ ಕ್ಲಾಸ್ ಇಟ್ಕೊಂಡಿದ್ವಿ, ನಮ್ಮ ಏರಿಯಾದಲ್ಲಿ ಸೆಕ್ಯುರಿಟಿ ಕೆಲಸ ಮಾಡೋ ನೇಪಾಳಿ ಅಣ್ಣ ಒಬ್ರು ಬಂದು ಕಲಿಸ್ತಾ ಇದ್ರು. ಲಿಪಿ ದೇವನಾಗರಿನೇ, ಶಾಲೆಯಲ್ಲಿ ಹಿಂದಿ ಕಲಿತ ನಮ್ಮ ಹುಡುಗ್ರಿಗೆ ಬೋರ್ಡ್ ಓದೋಕೆ ಕಷ್ಟ ಆಗ್ಲಿಲ್ಲ. ಬಾಸೆಲ್ ಮಿಷನ್‌ನೋರು 1834ರಲ್ಲಿ ಮಂಗಳೂರಿಗೆ ಬಂದಾಗ ನಮ್ಮ ಭಾಷೆ ಕಲಿಯೋಕೆ ಎಷ್ಟು ಕಷ್ಟ ಬಿದ್ದಿದ್ರು, ಕಿಟೆಲ್ ನಿಘಂಟು 1894ರಲ್ಲಿ ಬರೋಕೆ ಮುಂಚೆ ಎಷ್ಟು ವರ್ಷ ದುಡಿದಿದ್ರು ಅಂತ ನಾನು ಯೂತ್‌ಗೆ ಹೇಳ್ತಾನೇ ಇದ್ದೆ. ನಾಲ್ಕು ವಾಕ್ಯನಾದ್ರೂ ಮಗುವಿನ ಭಾಷೆಯಲ್ಲಿ ಬರ್ಲಿಲ್ಲ ಅಂದ್ರೆ ಅದರ ಮುಂದೆ ಹೋಗಿ ನಿಲ್ಲೋದು ಸರಿಯಲ್ಲ.

ಶಾಲೆ ತಾನ್ಸೇನ್‌ನಿಂದ ಮೇಲೆ, ಬೆಟ್ಟದ ಹಳ್ಳಿಯಲ್ಲಿ. ಮಕ್ಕಳಲ್ಲಿ ಮಗರ್ ಸಮುದಾಯದೋರೇ ಜಾಸ್ತಿ. ಹತ್ತು ಗಂಟೆಗೆ ಬೆಲ್, ಅಷ್ಟರಲ್ಲಿ ಎಲ್ರೂ ದಾಲ್ ಭಾತ್ ತಿಂದೇ ಬಂದಿರ್ತಾರೆ. ನಾವು ಮಾಡ್ಕೊಂಡು ಹೋಗಿದ್ದ ಟೈಮ್‌ಟೇಬಲ್ ತೋರಿಸ್ದೆ ಮೊದಲು ಹೆಡ್ ಸರ್‌ನ ಕೇಳಿದ್ವಿ, ನಿಮಗೆ ಏನು ಬೇಕು ಸರ್ ಅಂತ. ಅವರು ಯೋಚನೆನೇ ಮಾಡದೆ ಹೇಳಿದ್ರು, ಮೂರನೇ ಕ್ಲಾಸಿನೋರಿಗೆ ದಶಕ ತಗೊಂಡು ಕಳೆಯೋ ಲೆಕ್ಕ ಬರ್ತಿಲ್ಲ, ಅದು ಮಾಡಿಕೊಡಿ. ಪಪೆಟ್ ಶೋ, ಡ್ಯಾನ್ಸು ಅಂತ ತಯಾರಾಗಿದ್ದ ನಮ್ಮ ಹುಡುಗ್ರ ಮುಖ ಬಾಡ್ತು, ಆದ್ರೆ ಕೆಲಸ ಅಂದ್ರೆ ಅದೇ ತಾನೇ.

ಬಿದಿರು ಸೀಳಿ ಕಡ್ಡಿ ಮಾಡಿಕೊಟ್ಟಿದ್ದು ದೊಡ್ಡ ಕ್ಲಾಸಿನ ಮಕ್ಕಳು. ಹತ್ತತ್ತು ಕಡ್ಡಿ ಸೇರಿಸಿ ಕಟ್ಟು ಕಟ್ಟೋಕೆ ರಬ್ಬರ್ ಬ್ಯಾಂಡ್ ಬೇಕಿತ್ತು, ಅಂಗಡಿ ಇರೋದು ಕೆಳಗೆ. ಅವಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಜೇಬಿಂದ ತನ್ನ ಚುಂಗಿ ತೆಗೆದ. ಚುಂಗಿ ಅಂದ್ರೆ ರಬ್ಬರ್ ಬ್ಯಾಂಡ್‌ಗಳನ್ನೆಲ್ಲ ಸೇರಿಸಿ ನಡುವಿಗೆ ಬಿಗಿದು ಮಾಡಿದ ಹೂವಿನ ಥರದ ಗೊಂಚಲು, ಅದನ್ನ ಕಾಲಿಂದ ಮೇಲಕ್ಕೆ ಒದೀತಾ ನೆಲಕ್ಕೆ ಬೀಳದ ಹಾಗೆ ಎಣಿಸ್ತಾ ಆಡ್ತಾರೆ, ನೇಪಾಳದಲ್ಲಿ ಎಲ್ಲ ಮಕ್ಕಳ ಜೇಬಲ್ಲೂ ಇರುತ್ತೆ. ಅವನು ನಡುವಿನ ಗಂಟನ್ನ ಹಲ್ಲಲ್ಲಿ ಕಚ್ಚಿ ಬಿಚ್ಚಿ, ಬೆಂಚಿನ ಮೇಲೆಲ್ಲ ಹರಡಿ, ಒಂದೊಂದೇ ಎಣಿಸಿ ನಮ್ಮ ಹುಡುಗಿ ಕೈಗೆ ಕೊಟ್ಟ. ಅವತ್ತು 42ರಲ್ಲಿ 17 ಕಳೆಯೋದು ಆ ಬ್ಯಾಂಡಲ್ಲೇ ಆಯ್ತು: ನಾಲ್ಕು ಕಟ್ಟು ಎರಡು ಬಿಡಿ, ಎರಡರಲ್ಲಿ ಏಳು ಹೋಗಲ್ಲ, ಒಂದು ಕಟ್ಟಿನ ಬ್ಯಾಂಡ್ ಎಳೆದ್ರೆ ಹತ್ತು ಕಡ್ಡಿ ಚೆಲ್ಲಿ ಬಿಡಿ ಹನ್ನೆರಡಾಯ್ತು, ಈಗ ಏಳು ತೆಗಿ, ಆಮೇಲೆ ಒಂದು ಕಟ್ಟು ತೆಗಿ. ಬಿಚ್ಚಿದ್ದು ಅವನೇ, "ಪಚ್ಚಿಸ್!" (ಇಪ್ಪತ್ತೈದು) ಅಂತ ಕೂಗಿದ್ದೂ ಅವನೇ. ಮೂರನೇ ದಿನದ ಹೊತ್ತಿಗೆ ಕ್ಲಾಸ್ ಮಿಸ್ ತಾವೇ ಕಡ್ಡಿ ಹಿಡ್ಕೊಂಡು ನಿಂತಿದ್ರು, ನಮ್ಮೋರು ಹಿಂದೆ ಸರಿದು ಕೂತ್ರು. ನನಗೆ ಇಡೀ ಟ್ರಿಪ್‌ನಲ್ಲಿ ಅತೀ ಖುಷಿ ಆಗಿದ್ದು ಅದೇ, ಯಾಕಂದ್ರೆ ಮಿಸ್ ಅಲ್ಲೇ ಇರ್ತಾರೆ, ನಾವು ಹೊರಟುಹೋಗೋರು.

ಆಟಕ್ಕೆ ನಾವೇನೂ ಹೊಸದು ಕಲಿಸೋದು ಇರ್ಲಿಲ್ಲ, ನಮ್ಮ ಚಿನ್ನಿದಾಂಡು ಅಲ್ಲಿ ದಂಡಿ ಬಿಯೋ, ನಮ್ಮ ಅಣ್ಣೆಕಲ್ಲು ಅಲ್ಲಿ ಗಟ್ಟಾ. ನಮ್ಮ ಹುಡುಗೀರು ಅಲ್ಲಿನ ಪುಟಾಣಿಗಳ ಎದುರು ಗಟ್ಟಾದಲ್ಲಿ ಸೋತಿದ್ದೇ ಸೋತಿದ್ದು.

ಶನಿವಾರ ಅಲ್ಲಿ ವಾರದ ರಜೆ, ಹಾಗಾಗಿ ಆರಾಧನೆನೂ ಶನಿವಾರನೇ. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರೋದು, ಒಂದು ಕಡೆ ಗಂಡಸ್ರು ಒಂದು ಕಡೆ ಹೆಂಗಸ್ರು, ಮಾದಲ್ ಬಾರಿಸ್ತಾ ಹಾಡು, "ಜಯ್ ಮಸೀಹ್" ಅಂತ ಎಲ್ರೂ ಕೈ ಮುಗಿದು ಕರೀತಾರೆ. ಅಲ್ಲಿ ಸಭೆಯ ಮಕ್ಕಳ ಜೊತೆ, ಅವರ ಅಪ್ಪ ಅಮ್ಮ ಪಕ್ಕದಲ್ಲೇ ಇರುವಾಗ, ನಾವೂ ಮನಸ್ಸು ತುಂಬಿ ಹಾಡಿದ್ವಿ, ಒಂದು ಕನ್ನಡ ಕೀರ್ತನೆನೂ ಹಾಡಿದ್ವಿ.

ಯೂತ್‌ಗೆ ಹಾಕಿದ್ದ ನಿಯಮಗಳಲ್ಲಿ ಕೆಲವು ಅವರಿಗೆ ಇಷ್ಟ ಆಗಿರ್ಲಿಲ್ಲ, ಆದ್ರೂ ನಾನು ಬಿಟ್ಟುಕೊಡಲ್ಲ. ಮಗು ಜೊತೆ ಯಾವಾಗ್ಲೂ ನಮ್ಮೋರು ಇಬ್ರು ಇರ್ಬೇಕು, ಒಬ್ರೇ ರೂಮಿಗೆ ಕರ್ಕೊಂಡು ಹೋಗೋ ಹಾಗಿಲ್ಲ. ಮಕ್ಕಳನ್ನ ಎತ್ಕೊಂಡು ಸೆಲ್ಫಿ ಇಲ್ಲ, ಮುಖ ಕಾಣೋ ಫೋಟೋ ಸ್ಟೇಟಸ್‌ಗೆ ಹಾಕೋ ಹಾಗಿಲ್ಲ, ನಮ್ಮ ಮನೆ ಮಕ್ಕಳ ಫೋಟೋ ಹೊರಗಿನೋರು ಹಂಗೆ ಹಾಕಿದ್ರೆ ಸುಮ್ನಿರ್ತೀವಾ? ಕೈಗೆ ಗಿಫ್ಟು, ಚಾಕಲೇಟು ಇಲ್ಲ. ಕೊಡೋದೇನಿದ್ರೂ ಹೆಡ್ ಸರ್ ಕೈಗೆ, ಅದನ್ನೂ ಬೆಂಗಳೂರಿಂದ ಹೊತ್ಕೊಂಡು ಹೋಗ್ಲಿಲ್ಲ, ತಾನ್ಸೇನ್ ಬಜಾರಲ್ಲೇ ನೋಟ್‌ಬುಕ್ ತಗೊಂಡ್ವಿ, ಅಲ್ಲಿನ ಅಂಗಡಿಯೋರಿಗೂ ವ್ಯಾಪಾರ ಆಯ್ತು.

ಈಗ ಆ ಕ್ಲಾಸ್ ಮಿಸ್ ನಮ್ಮ ಹುಡುಗಿಗೆ ಆಗಾಗ ವಾಟ್ಸಾಪ್‌ನಲ್ಲಿ ಬೋರ್ಡ್ ಫೋಟೋ ಕಳಿಸ್ತಾರೆ, ಇದನ್ನ ಹೇಗೆ ಹೇಳ್ಕೊಡೋದು ಅಂತ, ಅವಳು ನನ್ನ ಕೇಳ್ಕೊಂಡು ಹಿಂದಿಯಲ್ಲಿ ವಾಯ್ಸ್ ಮೆಸೇಜ್ ಹಾಕ್ತಾಳೆ. ಮುಂದಿನ ಸಲ ಭಾಗಾಕಾರ ಬೇಕಂತೆ. ನಿಮ್ಮ ಸಭೆಯಿಂದ ಯಾರಾದ್ರೂ ಹೋಗೋದಿದ್ರೆ ಮೊದಲು ಅಲ್ಲಿನ ಶಾಲೆಗೆ ಫೋನ್ ಮಾಡಿ, ಪ್ರೋಗ್ರಾಂ ಆಮೇಲೆ ಮಾಡ್ಕೊಳ್ಳಿ.